ಗೋಡೆ ಮೇಲಿನ ಯಜಮಾನರಿಗೆ ಕ್ಷೌರ

ಗೋಣಿ ಬಿಚ್ಚಬೇಡಿ ಅಂತ ಶಿಲ್ಪಿ ಹೇಳಿದ್ದು ಒಂದು ಸಲವಲ್ಲ. ಶಿಲ್ಪವನ್ನು ಗೋಡೆಗೆ ಏರಿಸುವಾಗ ಒಮ್ಮೆ, ಏಣಿ ಇಳಿಯುವಾಗ ಒಮ್ಮೆ, ಗೇಟಿನವರೆಗೆ ಹೋದವನು ವಾಪಸು ಬಂದು ಮತ್ತೊಮ್ಮೆ ಹೇಳಿದ್ದ. "ನಾನು ಬಂದೇ ಬಿಚ್ಚೋದು. ಅಲ್ಲೀವರೆಗೆ ಬೆಳಿಗ್ಗೆ ಸಂಜೆ ಗೋಣಿ ಮೇಲೆ ನೀರು ಚಿಮುಕಿಸ್ತಾ ಇರಿ, ಸಾಕು." ಆದರೆ ಕಂಪನಿಯ ಸ್ಟೋರ್ ಕೀಪರನನ್ನು ಎಲ್ಲರೂ ಆತುರಪ್ಪ ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲವಲ್ಲ! ಉದ್ಘಾಟನೆಯ ದಿನ ಬೆಳಿಗ್ಗೆ, ಇನ್ನೂ ಯಾರೂ ಬಾರದ ಹೊತ್ತಿನಲ್ಲಿ ಅವನು ಮುಂದಿನ ಹಾಲಿಗೆ ಏಣಿ ತಂದ. ಒಂದು ಚೂರು ನೋಡಿದರೆ ಯಾರಪ್ಪನ ಗಂಟು ಹೋಗುತ್ತೆ ಎಂದುಕೊಂಡು ಹತ್ತಿ ಗೋಣಿ ಎತ್ತಿದ.

ಎತ್ತಿದವನು ಏಣಿಯನ್ನೇ ತಬ್ಬಿಕೊಂಡ.

ಅದು ಯಜಮಾನರ ಗೋಡೆಶಿಲ್ಪ. ಕಲ್ಲಿಲ್ಲ, ಕಂಚಿಲ್ಲ, ಪ್ಲಾಸ್ಟಿಕ್ಕಂತೂ ಇಲ್ಲವೇ ಇಲ್ಲ. ಜೇಡಿಮಣ್ಣು, ಒಣಹುಲ್ಲು, ಮರದ ಪುಡಿ, ಹಳೇ ಸೆಣಬಿನ ನಾರು, ಇಷ್ಟರಲ್ಲೇ ಮಾಡಿದ, ಪರಿಸರಕ್ಕೆ ಕಿಂಚಿತ್ತೂ ತೊಂದರೆ ಕೊಡದ ಹೊಸ ಕಾಲದ ಕಲೆ. ಆಳೆತ್ತರದ ಮುಖ. ಮೂಗು ಯಜಮಾನರದೇ, ಗದ್ದದ ಗುಳಿಯೂ ಅವರದೇ. ಆದರೆ ನೆತ್ತಿ? ನೆತ್ತಿಯ ತುಂಬ ಬೆರಳುದ್ದದ ಹಸಿರು ಪೈರು ಎದ್ದು ನಿಂತಿತ್ತು!

ಬೇರೆ ಯಾರ ತಲೆಯಾಗಿದ್ದರೂ ನಕ್ಕು ಸುಮ್ಮನಾಗಬಹುದಿತ್ತು. ಈ ಕಂಪನಿ ತಯಾರಿಸುತ್ತಿದ್ದದ್ದು ಕೂದಲಿಗೆ ಹಚ್ಚುವ ಎಣ್ಣೆ, ಯಜಮಾನರ ತಲೆಯಲ್ಲಿ ಮಾತ್ರ ಔಷಧಕ್ಕೆ ಬೇಕೆಂದರೂ ಒಂದು ಕೂದಲು ಸಿಗುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಈ ವಿಷಯ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಕೂಡದು. ಹಿಂದೊಮ್ಮೆ ಸೇಲ್ಸಿನವನೊಬ್ಬ ಮೀಟಿಂಗಿನಲ್ಲಿ ಬಾಯಿತಪ್ಪಿ "ದೂರದ ಬೆಟ್ಟ ನುಣ್ಣಗೆ" ಅಂದುಬಿಟ್ಟು, ಮಾರನೆಯ ದಿನದಿಂದ ಗೋದಾಮಿನಲ್ಲಿ ಬಾಟಲಿ ತೊಳೆಯುತ್ತಿದ್ದ.

ಕೆಲವು ತಿಂಗಳಿಂದ ಪರದೇಶದಲ್ಲಿದ್ದ ಯಜಮಾನರು ಮಧ್ಯಾಹ್ನ ನೇರ ಇಲ್ಲಿಗೇ ಬರುವವರಿದ್ದರು. ಉದ್ಘಾಟನೆ ಮುಗಿದ ಕೂಡಲೇ ರಜ ಅಂತ ಆತುರಪ್ಪನಿಗೆ ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದರು. ಸಂಜೆ ಬಸ್ಸಿಗೆ ಅವನು ಹೆಂಡತಿಯ ಜೊತೆ ಅವಳ ತಮ್ಮನ ಮದುವೆಗೆ ಹೊರಡಬೇಕು. ಅವಳ ತಂಗಿಯ ಮದುವೆಗೂ ಅವನು ಹೋಗಿರಲಿಲ್ಲ. "ಈ ಸಲಾನೂ ಕೈ ಕೊಟ್ರೆ ನಾನು ತವರಲ್ಲೇ ಉಳ್ಕೊಂಡುಬಿಡ್ತೀನಿ. ನೀವು ಆ ಎಣ್ಣೆ ಬಾಟ್ಲಿ ಜೊತೆ ಸಂಸಾರ ಮಾಡ್ಕೊಳ್ಳಿ" ಅಂದಿದ್ದಳು. ಅವಳು ಅಂದಮೇಲೆ ಮುಗಿಯಿತು.

"ನೀರು ಜಾಸ್ತಿ ಹಾಕಿಬಿಟ್ಟೆನಲ್ಲಪ್ಪಾ! ಹುಲ್ಲಲ್ಲಿದ್ದ ಬೀಜ ಎಲ್ಲಾ ಮೊಳೆತುಬಿಡ್ತು!" ಶಿಲ್ಪಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಆತುರಪ್ಪ ಒಂದು ಹಿಡಿ ಪೈರು ಹಿಡಿದು ಕಿತ್ತ. ಪೈರಿನ ಜೊತೆ ಮಣ್ಣಿನ ಹೆಂಟೆಯೂ ಎದ್ದು ಬಂದು, ಯಜಮಾನರ ನೆತ್ತಿಯಲ್ಲಿ ನಿಂಬೆಹಣ್ಣು ಕೂರಿಸುವಷ್ಟು ಗುಂಡಿ ಬಿತ್ತು.

"ಅಯ್ಯೋ ದೇವ್ರೇ! ಯಜಮಾನ್ರ ತಲೇಲಿ ಏನಪ್ಪಾ ಇದು ತೋಟ?" ಬಾಗಿಲಲ್ಲಿ ಲೆಕ್ಕದಕ್ಕ ನಿಂತಿದ್ದಳು. ಕಂಪನಿಯ ಲೆಕ್ಕಪತ್ರ ಅವಳದು. ಉಳಿದವರ ವಿಚಾರವೂ ಅವಳದೇ.

"ಮೆಲ್ಲಗೆ ಅಕ್ಕಾ, ನಾನು ಕೆಟ್ಟೆ!"

"ಕೀಳಬೇಡ್ವೋ ಮಂಕೇ, ಕತ್ತರಿಸಬೇಕು. ಇಳಿ ಕೆಳಗೆ. ನಮ್ಮನೆಯವರ ಕೂದಲು ಕತ್ತರಿಸೋದು ನಾನೇ." ಅವಳು ಬ್ಯಾಗಿನಿಂದ ಕತ್ತರಿ ತೆಗೆದು ಏಣಿ ಹತ್ತಿಯೇಬಿಟ್ಟಳು. ಅವಳ ಗಂಡ ಸೆಕೆಗಾಲದಲ್ಲೂ ಟೋಪಿ ತೆಗೆಯದಿರುವುದು ಆತುರಪ್ಪನಿಗೆ ನೆನಪಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಎಡಕ್ಕೆ ಒಂದಳತೆ, ಬಲಕ್ಕೆ ಒಂದಳತೆ, ನಡುವೆ ಮೆಟ್ಟಿಲು ಮೆಟ್ಟಿಲು.

ಆಗ ಮ್ಯಾನೇಜರು ಬಂದರು. ಬಂದವರು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು, ಆಮೇಲೆ ಹತ್ತಿರದ ಕುರ್ಚಿಯಲ್ಲಿ ಕುಸಿದರು.

"ಏನಯ್ಯಾ ಇದು ಅನ್ಯಾಯ! ತಮ್ಮನ್ನ ಅಣಕಿಸೋಕೇ ಕೂದಲು ಬೆಳೆಸಿದ್ದಾರೆ ಅಂತ ಯಜಮಾನ್ರು ಅಂದ್ಕೋತಾರೆ. ಅಷ್ಟೇ ಅಲ್ಲ, ಬುಡ ನೋಡು, ಅವರ ತಲೇಲಿ ಮಣ್ಣಿರೋದೂ ಎದ್ದು ಕಾಣುತ್ತೆ!"

"ಏನು ಮಾಡೋದು ಸಾರ್?" ಆತುರಪ್ಪ ಕೈ ಮುಗಿದ. "ನನ್ನ ಸಂಸಾರದ ಪ್ರಶ್ನೆ ಸಾರ್."

"ನನ್ನ ಕೆಲಸದ ಪ್ರಶ್ನೆ ಕಣಯ್ಯಾ! ಓಡು, ಎದುರಿನ ಸಲೂನಿನವನನ್ನ ಕರ್ಕೊಂಡು ಬಾ."

ಸಲೂನಿನವನು ಪೆಟ್ಟಿಗೆ ಹಿಡಿದು ಬಂದ. ಗೋಡೆಯನ್ನು ಕಂಡು ಅವನಿಗೇನೂ ಅನಿಸಲಿಲ್ಲ. ಎಂಥೆಂಥ ತಲೆ ನೋಡಿದವನು. ಏಣಿ ಹತ್ತಿ, ಶಿಲ್ಪದ ಕತ್ತಿನ ಸುತ್ತ ಬಿಳಿ ಬಟ್ಟೆ ಸಿಕ್ಕಿಸಿ, "ಹೇಗಿರಲಿ?" ಎಂದು ಕೇಳಿದ.

"ಪೂರ್ತಿ... ಪೂರ್ತಿ ಅದು" ಅಂದರು ಮ್ಯಾನೇಜರು.

"ಅದು ಅಂದ್ರೆ ಯಾವುದು ಸಾರ್?"

ಮ್ಯಾನೇಜರು ಬಾಗಿಲ ಕಡೆ, ಕಿಟಕಿ ಕಡೆ ನೋಡಿ, ಉಸಿರಿನಲ್ಲೇ "ನುಣ್ಣಗೆ" ಅಂದರು.

"ಹಾಗನ್ನಿ ಮತ್ತೆ! ತಲೆ ಸ್ವಲ್ಪ ಬಗ್ಗಿಸಿ ಯಜಮಾನ್ರೇ" ಎಂದು ಅಭ್ಯಾಸಬಲದಿಂದ ಗೋಡೆಗೆ ಹೇಳಿ ಅವನು ಶುರುಮಾಡಿದ. ಮಣ್ಣಿಗೆ ತಾಗಿ ಬ್ಲೇಡು ಮೇಲೆ ಬ್ಲೇಡು ಮುರಿಯಿತು. ಲೆಕ್ಕದಕ್ಕ ಕೆಳಗೆ ನಿಂತು "ಕಿವಿ ಹಿಂದೆ ಉಳಿದಿದೆ, ಕಿವಿ ಹಿಂದೆ" ಎಂದು ಜೀವ ತಿಂದಳು. ಗುಂಡಿಗೆ ಒದ್ದೆ ಮಣ್ಣು ಮೆತ್ತಿ ಸವರಿದ್ದಾಯಿತು. ಕೊನೆಗೆ ಆತುರಪ್ಪ ಸ್ಟೋರಿನಿಂದ ಕಂಪನಿಯದೇ ಎಣ್ಣೆ ತಂದು ಕೊಟ್ಟ. ಬಟ್ಟೆಯಲ್ಲಿ ತಿಕ್ಕಿದ್ದೇ ತಡ, ನೆತ್ತಿ ಬೆಳಗಿದ ತಂಬಿಗೆಯ ಹಾಗೆ ಫಳಫಳ ಅಂದಿತು. ಆ ಎಣ್ಣೆಯಿಂದ ಒಂದು ತಲೆಗೆ ಗುಣ ಕಂಡದ್ದು ಅದೇ ಮೊದಲು.

"ಥೇಟ್ ಯಜಮಾನ್ರೇ!" ಮ್ಯಾನೇಜರಿಗೆ ಕಣ್ಣಲ್ಲಿ ನೀರು ಬಂತು. "ಪರವಾಗಿಲ್ಲ ಆತುರಪ್ಪ, ಗಂಡಾಂತರ ತಪ್ಪಿಸಿದೆ. ನಿನ್ನ ರಜದ ವಿಷಯ ನಾನೇ ನೆನಪು ಮಾಡ್ತೀನಿ."

ಗೋಣಿ ಮತ್ತೆ ಮೊದಲಿನಂತೆ ಮುಚ್ಚಿತು. ಆತುರಪ್ಪನ ಎದೆ ಹಗುರಾಯಿತು. ಎಷ್ಟೋ ದಿನದ ಮೇಲೆ ಸಿಳ್ಳೆ ಹಾಕಿದ. ಹೆಂಡತಿಗೆ ಫೋನು ಮಾಡಿ, "ಸಂಜೆ ಬ್ಯಾಗು ತಗೊಂಡು ನೇರ ಬಸ್ ಸ್ಟ್ಯಾಂಡಿಗೆ ಬಾ ಮಾರಾಯ್ತಿ, ನಾನು ಬಂದೇ ಅಂತ ತಿಳ್ಕೋ" ಅಂದ.

ಮಧ್ಯಾಹ್ನ ಕಾರು ಬಂತು. ಯಜಮಾನರು ಇಳಿದರು, ಹಿಂದೆಯೇ ಶಿಲ್ಪಿ. ಯಜಮಾನರ ತಲೆಯ ಮೇಲೆ ದೊಡ್ಡ ಹ್ಯಾಟು. ಹಾಲಿನಲ್ಲಿ ನೆರೆದ ಸಿಬ್ಬಂದಿಯ ಎದುರು ನಿಂತು, ಒಬ್ಬೊಬ್ಬರನ್ನೂ ನೋಡಿ ನಕ್ಕು, ಅವರು ನಿಧಾನವಾಗಿ ಹ್ಯಾಟು ತೆಗೆದರು.

ಕೂದಲು! ಕಪ್ಪಗೆ, ದಟ್ಟವಾಗಿ, ಬೈತಲೆ ತೆಗೆದು ಬಾಚಿದ ಕೂದಲು!

"ನಾಟಿ ಮಾಡಿಸಿಕೊಂಡು ಬಂದೆ" ಅಂದರು ಯಜಮಾನರು. "ಇನ್ಮೇಲೆ ಬಾಟ್ಲಿ ಮೇಲೆ ನನ್ನ ಫೋಟೋನೇ. ನೀವೆಲ್ಲ ಇಷ್ಟು ವರ್ಷ ನನ್ನ ಮುಂದೆ ಎಷ್ಟು ನಾಜೂಕಾಗಿ ಮಾತಾಡ್ತಿದ್ರಿ ಅನ್ನೋದು ನನಗೆ ಗೊತ್ತಿಲ್ವಾ? ಇವತ್ತಿಗೆ ಆ ಕಷ್ಟ ಮುಗೀತು. ಹೂಂ, ಎಳೀರಿ ಗೋಣಿ!"

ಮ್ಯಾನೇಜರ ಕೈಯಲ್ಲಿದ್ದ ಹೂಗುಚ್ಛ ನೆಲಕ್ಕೆ ಬಿತ್ತು. ಆತುರಪ್ಪ ಕಣ್ಣು ಮುಚ್ಚಿ, ಗೋಣಿಯೇ, ನಿನ್ನ ದಮ್ಮಯ್ಯ, ಬೀಳಬೇಡ ಎಂದು ಬೇಡಿಕೊಂಡ. ಗೋಣಿ ಬಿತ್ತು.

ಕಿಟಕಿಯ ಬಿಸಿಲೆಲ್ಲ ಆ ನೆತ್ತಿಗೇ ಬಂದು ಕೂತಿತು. ಯಜಮಾನರು ತಮಗರಿವಿಲ್ಲದೆ ತಮ್ಮ ತಲೆ ಮುಟ್ಟಿ ನೋಡಿಕೊಂಡರು.

"ಅಯ್ಯೋ, ನನ್ನ ಸಾಸಿವೆ!" ಶಿಲ್ಪಿ ಕಿರುಚಿದ. "ಸಾರ್ ತಲೆಗೆ ನಾಟಿ, ಶಿಲ್ಪದ ತಲೆಗೆ ಬಿತ್ತನೆ. ಎರಡೂ ಬೆಳೆ ಒಂದೇ ದಿನ ಜನಕ್ಕೆ ತೋರಿಸಬೇಕು ಅಂತ ಸಾರೇ ಹೇಳಿದ್ರು! ಬೀಜ ಎಣಿಸಿ ಎಣಿಸಿ ಕೂರಿಸಿದ್ದೆನಲ್ಲಪ್ಪಾ!"

"ಒಂದು ಕೂದಲೂ ಕೊಂಕದ ಹಾಗೆ ನೋಡ್ಕೊಳ್ತೀವಿ ಅಂದಿದ್ರಲ್ರೀ ಮ್ಯಾನೇಜರೇ!" ಯಜಮಾನರು ಗುಡುಗಿದರು. "ಯಾರು ಬೋಳಿಸಿದ್ದು?"

ಲೆಕ್ಕದಕ್ಕ ಸೀಲಿಂಗ್ ಫ್ಯಾನು ನೋಡತೊಡಗಿದಳು. ಮ್ಯಾನೇಜರು, "ನಾನು ಬೇಡ ಬೇಡ ಅಂದೆ ಸಾರ್" ಅಂತ ಆತುರಪ್ಪನ ಕಡೆ ಕೈ ತೋರಿಸಿದರು. ಉದ್ಘಾಟನೆ ನೋಡೋಕೆ ಉಳಿದಿದ್ದ ಸಲೂನಿನವನೊಬ್ಬನೇ ಮುಂದೆ ಬಂದು, "ಕೈಚಳಕ ನಂದು ಸಾರ್. ಚೆನ್ನಾಗಿ ಬಂದಿದೆ, ಅಲ್ವಾ?" ಅಂದ.

ಯಜಮಾನರು ಹ್ಯಾಟು ಮತ್ತೆ ಹಾಕಿಕೊಂಡರು. "ಆತುರಪ್ಪ, ಕೇಳಿಸ್ಕೋ. ಮತ್ತೆ ಕೂದಲು ಬರೋವರೆಗೆ ಉದ್ಘಾಟನೆ ಇಲ್ಲ. ಉದ್ಘಾಟನೆ ಆಗೋವರೆಗೆ ನಿನಗೆ ರಜ ಇಲ್ಲ. ಬಿತ್ತೋನೂ ನೀನೇ, ನೀರು ಹಾಕೋನೂ ನೀನೇ."

ಸಂಜೆ ಆತುರಪ್ಪ ಏಣಿಯ ಮೇಲೆ ನಿಂತು, ಎಣ್ಣೆ ಹೀರಿದ ಮಣ್ಣು ಕೆರೆದು ತೆಗೆದು, ಹೊಸ ಮಣ್ಣು ಮೆತ್ತಿ, ಶಿಲ್ಪಿ ಕೊಟ್ಟ ಸಾಸಿವೆಯನ್ನು ಒಂದೊಂದಾಗಿ ಒತ್ತುತ್ತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ರೀ, ಬಸ್ಸು ಹೊರಡ್ತಾ ಇದೆ! ಕಂಡಕ್ಟರ್ ಸೀಟಿ ಊದ್ತಾ ಇದಾನೆ! ಎಲ್ಲಿದ್ದೀರಿ?"

ಜನ್ಮದಲ್ಲಿ ಒಂದು ಸಲವಾದರೂ ಹೆಂಡತಿಗೆ ಪೂರ್ತಿ ಸತ್ಯ ಹೇಳಿಬಿಡೋಣ ಅನ್ನಿಸಿತು ಅವನಿಗೆ. "ನೋಡು, ಕೋಪ ಮಾಡ್ಕೋಬೇಡ. ಯಜಮಾನ್ರ ತಲೆ ಮೇಲೆ ಸಾಸಿವೆ ಬಿತ್ತುತಾ ಇದ್ದೀನಿ. ಅದು ಕೂದಲಾಗೋವರೆಗೆ ರಜ ಇಲ್ವಂತೆ."

ಆ ಕಡೆ ಕಂಡಕ್ಟರನ ಸೀಟಿ ಮತ್ತೊಮ್ಮೆ ಕೇಳಿಸಿತು.

"ಬರೋಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ನಿ" ಅಂದಳು ಅವಳು. "ತಂಗಿ ಮದುವೆಗೆ ಹೊಟ್ಟೆನೋವು ಅಂದ್ರಿ, ಅದಾದ್ರೂ ನಂಬೋ ಹಾಗಿತ್ತು!"