ನಾಲ್ಕು ಗಂಟೆಗೆ ಮಣ್ಣು

ಪ್ರಭು ಸತ್ತಿದ್ದು ಒಂದು ಲೋಟ ಕಾಫಿಯ ದೆಸೆಯಿಂದ. ಅದೂ ಅವನು ಕುಡಿದ ಕಾಫಿಯಲ್ಲ.

ಅಂದು ಬೆಳಿಗ್ಗೆ ಏಳೂವರೆಯೊಳಗೆ ಅವನ ಅಪ್ಪ ಓಬಯ್ಯ ಆರು ಲೋಟ ಕಾಫಿ ಮುಗಿಸಿದ್ದ. ಲೋಟ ಕೆಳಗಿಟ್ಟು ಎರಡು ನಿಮಿಷವಾಗುವಷ್ಟರಲ್ಲಿ, "ಈ ಮನೆಯಾಗೆ ಒಂದು ತೊಟ್ಟು ಕಾಫಿಗೂ ಗತಿ ಇಲ್ಲ" ಎಂದು ಬೀದಿಗೆ ಕೇಳುವ ಹಾಗೆ ದೂರುತ್ತಿದ್ದ. ಆರನೇ ದೂರಿಗೆ ಎದುರುಮನೆಯ ಪರಮೇಶ್ವರಪ್ಪನವರು ಕಾಂಪೌಂಡಿನ ಮೇಲೆ ಕತ್ತು ಚಾಚಿ, "ವಯಸ್ಸಾದೋರ ಹೊಟ್ಟೆ ಉರಿಸಬಾರದಪ್ಪ ಪ್ರಭು" ಎಂದು ಬುದ್ಧಿ ಹೇಳಿ ಒಳಗೆ ಹೋಗಿದ್ದರು. ಬುದ್ಧಿ ಹೇಳುವುದಕ್ಕೆ ಅವರು ಯಾವತ್ತೂ ಬೇಜಾರು ಮಾಡಿಕೊಂಡವರಲ್ಲ.

ಏಳನೇ ಸಲ ಅಪ್ಪ ಬಾಯಿ ತೆಗೆದಾಗ ಪ್ರಭು ಟವಲ್ ಸುತ್ತಿಕೊಂಡು ಬಚ್ಚಲಿಗೆ ಹೊರಟಿದ್ದ. ಅವನ ತಾಳ್ಮೆ ಅಲ್ಲಿಗೆ ಮುಗಿಯಿತು.

"ನನ್ನ ಜೀವ ತಿನ್ನಬ್ಯಾಡಪ್ಪ. ಪ್ರಭು ಸತ್ತ ಅಂತ ತಿಳ್ಕೋ!"

ಓಬಯ್ಯನ ಮುಖ ಗಂಭೀರವಾಯಿತು. "ಯಾವ ಪ್ರಭು? ನಮ್ಮ ಕಿರೇ ಮಗನಾ?"

"ಹೂಂ, ಅವನೇ."

"ಮಣ್ಣು ಎಷ್ಟೊತ್ತಿಗೆ?"

"ಸಾಯಂಕಾಲ ನಾಕು ಗಂಟೆಗೆ!" ಎಂದು ಪ್ರಭು ಬಾಗಿಲನ್ನು ದಡಾರನೆ ಹಾಕಿಕೊಂಡ. ಒಳಗೆ ಎರಡು ತಂಬಿಗೆ ಬಿಸಿನೀರು ಬಿದ್ದ ಮೇಲೆ ತಾನು ಒಳ್ಳೆ ಮಾತು ಆಡಿದೆ ಅನ್ನಿಸಿ ಒಬ್ಬನೇ ನಕ್ಕ ಕೂಡ.

ನಗುವ ಮೊದಲು ಅವನು ಒಂದು ವಿಷಯ ನೆನಪಿಸಿಕೊಳ್ಳಬೇಕಿತ್ತು. ಓಬಯ್ಯ ನಲವತ್ತು ವರ್ಷ ಇಡೀ ಬಳಗಕ್ಕೆ ಸಾವಿನ ಸುದ್ದಿ ಮುಟ್ಟಿಸಿದವನು. ಫೋನು ಇಲ್ಲದ ಕಾಲದಲ್ಲಿ ಯಾರ ಮನೆಯಲ್ಲಿ ಯಾರು ಕಣ್ಣು ಮುಚ್ಚಿದರೂ ಮೊದಲು ಓಬಯ್ಯನಿಗೆ ಕರೆ ಹೋಗುತ್ತಿತ್ತು. ಅವನು ಹೆಗಲಿಗೆ ಟವಲ್ ಹಾಕಿ ಬಸ್ಸು ಹತ್ತಿದರೆ ಹೊಳಲ್ಕೆರೆ, ಹೊಸದುರ್ಗ, ಶ್ರೀರಾಂಪುರ ಎಂದು ಸಾಲಾಗಿ ಮನೆ ಮನೆಯ ಹೊಸ್ತಿಲಾಚೆ ನಿಂತು, ಸತ್ತವರ ಹೆಸರು, ಮಣ್ಣಿನ ಹೊತ್ತು, ಎರಡೇ ಮಾತು ಹೇಳಿ ಮುಂದಿನ ಮನೆಗೆ ನಡೆಯುತ್ತಿದ್ದ. ಸುದ್ದಿ ಹೊತ್ತವನು ಆ ಮನೆಯಲ್ಲಿ ಕೂರುವಂತಿಲ್ಲ, ನೀರು ಕುಡಿಯುವಂತಿಲ್ಲ. ನಲವತ್ತು ವರ್ಷದಲ್ಲಿ ಅವನು ತಂದ ಒಂದು ಸುದ್ದಿಯೂ ಸುಳ್ಳಾಗಿರಲಿಲ್ಲ.

ಈಗ ಅವನಿಗೆ ಡಿಮೆನ್ಶಿಯಾ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಮಗನ ಹೆಸರು ನೆನಪಿತ್ತು, ಮುಖ ಹೋಗಿತ್ತು. ಹದಿನಾಲ್ಕು ತಿಂಗಳಿಂದ ಅವನು ಪ್ರಭುವನ್ನು ಪ್ರಭು ಎಂದು ಕರೆದಿರಲಿಲ್ಲ. ಒಂದು ದಿನ ಕಂಡಕ್ಟರ್ ಎಂದರೆ ಇನ್ನೊಂದು ದಿನ ಮೇಷ್ಟ್ರು, ಸಿಟ್ಟು ಬಂದ ದಿನ ಕೋರ್ಟಿನ ಅಮೀನ. ಆ ಅಮೀನನೇ ದಿನಾ, ಏಳಲೊಲ್ಲೆ ಎಂದು ಹಟ ಹಿಡಿಯುವ ಅವನನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಆಮೇಲೆ ಕೋರ್ಟಿನ ಹತ್ತಿರದ ತನ್ನ ಜೆರಾಕ್ಸ್ ಅಂಗಡಿ ತೆಗೆಯುತ್ತಿದ್ದ. ಎತ್ತಿ ಎತ್ತಿ ಪ್ರಭುವಿಗೆ ಹರ್ನಿಯಾ ಆಗಿತ್ತು. ಆಪರೇಷನ್ ದಿನ ಮೂರು ಸಲ ಗೊತ್ತಾಗಿ ಮೂರು ಸಲವೂ ಮುಂದೆ ಹೋಗಿತ್ತು. ಅವನು ಬಳಗದ ಮುಂದೆ ಕೇಳಿದ್ದು ಇಷ್ಟೇ: ಎಂಟು ದಿನ ಅಪ್ಪನನ್ನು ಯಾರಾದರೂ ಇಟ್ಟುಕೊಳ್ಳಿ.

ಹೊಸದುರ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅಣ್ಣ ಮಾರುತಿ, "ಅಪ್ಪನಿಗೆ ಏನಾಗೈತೋ? ಫೋನಿನಾಗೆ ನನ್ನ ಜತೆ ಚೆನ್ನಾಗೇ ಮಾತಾಡಿದ್ನಲ್ಲ. ಎಲ್ಲಾ ನಿನ್ನ ತಲೆಯಾಗೆ ಐತೆ" ಅಂದ. ಹಿರಿಯೂರಿನ ತಂಗಿ ಸುಪ್ರಿಯಾ ನೆನಪಿನ ಶಕ್ತಿಗೆ ಒಂದೆಲಗದ ಚಟ್ನಿ ಮಾಡುವ ವಿಡಿಯೋ ಕಳಿಸಿದಳು. ಹೊಳಲ್ಕೆರೆಯ ಸೋದರತ್ತೆ ಏಕಾಂತಮ್ಮ, "ನನ್ನ ಅಣ್ಣನಿಗೆ ಮರೆವು ಅಂದ್ರೆ ನಿನ್ನ ನಾಲಿಗೆಗೆ ಹುಳ ಬೀಳ್ತಾವೆ" ಎಂದು ಫೋನಿಟ್ಟಳು. ಮೂರು ವರ್ಷದಿಂದ ಇವರಲ್ಲಿ ಒಬ್ಬರೂ ಚಿತ್ರದುರ್ಗದ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅಷ್ಟು ದೂರದಿಂದ ನೋಡಿದರೆ ಎಂಥ ಕಾಯಿಲೆಯವನೂ ಆರೋಗ್ಯವಾಗಿಯೇ ಕಾಣುತ್ತಾನೆ.

ಪ್ರಭು ತಲೆ ಒರೆಸಿಕೊಂಡು ಬಂದಾಗ ಜಗಲಿ ಖಾಲಿ. ಹೆಂಡತಿ ಶಾಂತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಪ್ಪನೂ ಇಲ್ಲ, ಅಪ್ಪನ ಟವಲೂ ಇಲ್ಲ.

ಒಂದು ಗಂಟೆ ಬೀದಿ ಬೀದಿ ಹುಡುಕಿದ್ದಾಯಿತು, ಚಂದ್ರವಳ್ಳಿ ಕೆರೆಯ ತನಕ ಓಡಿ ನೀರನ್ನು ನೋಡಿ ಎದೆ ಹಿಡಿದುಕೊಂಡಿದ್ದೂ ಆಯಿತು. ಪರಮೇಶ್ವರಪ್ಪನವರು ಓಬಯ್ಯನ ಫೋಟೋ ಹಾಕಿ "ಕಾಣೆಯಾಗಿದ್ದಾರೆ" ಎಂದು ಹನ್ನೊಂದು ವಾಟ್ಸಾಪ್ ಗ್ರೂಪಿಗೆ ಕಳಿಸಿದರು. ಮುದುಕರ ಫೋಟೋ ಕಂಡ ಕೂಡಲೇ ಜನ ಓದುವ ಗೋಜಿಗೆ ಹೋಗದೆ "ಓಂ ಶಾಂತಿ" ಎಂದು ಕೈಮುಗಿದರು. ಒಬ್ಬೊಬ್ಬರಿಗೂ "ಸತ್ತಿಲ್ಲ, ಕಾಣೆಯಾಗಿದ್ದಾರೆ" ಎಂದು ಉತ್ತರ ಬರೆದೂ ಬರೆದೂ ಅವರ ಫೋನಿನ ಚಾರ್ಜೇ ಮುಗಿಯಿತು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಹೂವಿನವಳು ಸುಳಿವು ಕೊಟ್ಟಳು. "ಟವಲ್ ಹಾಕ್ಕಂಡಿದ್ದ ಅಜ್ಜ ತಾನೇ? ಹೊಳಲ್ಕೆರೆ ಬಸ್ಸು ಹತ್ತಿದ್ನಪ್ಪ. ಯಾರೋ ತೀರ್ಕಂಡವ್ರಂತೆ, ಸುದ್ದಿ ಹೇಳಾಕೆ ಹೊಂಟೀನಿ ಅಂದ. ಕಂಡಕ್ಟರ್ರೇ ಕೈ ಹಿಡ್ದು ಹತ್ತಿಸ್ಕಂಡ."

ಬಚ್ಚಲ ಬಾಗಿಲಲ್ಲಿ ತಾನು ಆಡಿದ ಮಾತು ಪ್ರಭುವಿಗೆ ಆಗ ನೆನಪಾಯಿತು.

ಪರಮೇಶ್ವರಪ್ಪನವರ ಹಳೇ ಕಾರಿನಲ್ಲಿ ಇಬ್ಬರೂ ಹೊರಟರು. ನಲವತ್ತರ ಮೇಲೆ ಓಡಿಸಿದರೆ ಇಂಜಿನ್ನಿಗೆ ಆಯಾಸವಾಗುತ್ತದೆ ಎಂಬುದು ಅವರ ನಂಬಿಕೆ. ಪ್ರಭುವಿನ ಫೋನು ಮನೆಯ ಶೆಲ್ಫಿನ ಮೇಲೆ ಚಾರ್ಜಿಗಿತ್ತು. ದಾರಿಯಲ್ಲಿ ಎದುರಿಗೆ ಒಂದು ಟೆಂಪೋ ಹೋಯಿತು, ತುಂಬ ಹೆಂಗಸರು, ಮುಂದೆ ದೊಡ್ಡದೊಂದು ಹೂವಿನ ಹಾರ.

"ಯಾರೋ ಪುಣ್ಯವಂತರು ಕಣಪ್ಪ. ಎಷ್ಟು ಜನ ನೋಡು" ಅಂದರು ಪರಮೇಶ್ವರಪ್ಪ.

ಹೊಳಲ್ಕೆರೆಯಲ್ಲಿ ಏಕಾಂತಮ್ಮನ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಹೆಂಗಸು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ತಲೆ ಎತ್ತದೆ ಹೇಳಿದಳು: "ಎಲ್ಲಾರೂ ದುರ್ಗಕ್ಕೆ ಹೋದ್ರು. ಅವರಣ್ಣನ ಮಗ ತೀರ್ಕಂಡನಂತೆ. ಪ್ರಭು ಅಂತ. ನಾಕು ಗಂಟೆಗೆ ಮಣ್ಣಂತೆ."

"ಅಯ್ಯೋ, ಅಲ್ಲ..." ಪ್ರಭು ತೊದಲಿದ.

"ಹೂಂ ಕಣಪ್ಪ, ಏಕಾಂತಮ್ಮ ಗೋಳೋ ಅಂತ ಅತ್ಲು. ಅಪ್ಪನ್ನ ಎಷ್ಟು ಚೆನ್ನಾಗಿ ನೋಡ್ಕಂತಿದ್ನಂತೆ. ಅಂಥ ಮಗ ಇನ್ನೊಬ್ಬ ಹುಟ್ಟಾಕಿಲ್ಲ ಅಂದ್ಲು."

ಇದೇ ಏಕಾಂತಮ್ಮ ಹೋದ ತಿಂಗಳು ಪ್ರಭುವಿನ ನಾಲಿಗೆಗೆ ಹುಳ ಬೀಳಿಸಿದ್ದಳು. ಸತ್ತ ಮೇಲೆ ತನ್ನ ಬೆಲೆ ಇಷ್ಟು ಏರುತ್ತದೆಂದು ಪ್ರಭುವಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯವಳ ಫೋನು ಇಸಿದುಕೊಂಡು ಮನೆಗೆ ಮಾಡೋಣವೆಂದರೆ ಶಾಂತಿಯ ನಂಬರು ಬಾಯಿಗೆ ಬರಲಿಲ್ಲ. ಅಪ್ಪನಿಗೆ ಅರವತ್ತು ಮನೆ ನೆನಪಿದ್ದವು, ಮಗನಿಗೆ ಹತ್ತು ಅಂಕಿ ನೆನಪಿರಲಿಲ್ಲ.

"ವಾಪಸ್ ಹೋಗಾಣ?" ಅಂದರು ಪರಮೇಶ್ವರಪ್ಪ.

"ನಾನು ಸತ್ರೆ ಸಾಯ್ಲಿ ಬಿಡ್ರಿ ಸಾರ್. ಮೊದ್ಲು ಅಪ್ಪ ಸಿಗಲಿ. ಮುಂದಿನ ಮನೆ ಹೊಸದುರ್ಗದ್ದು."

ಹೊಸದುರ್ಗದಲ್ಲಿ ಮಾರುತಿಯ ಅಂಗಡಿಯ ಶಟರ್ ಎಳೆದಿತ್ತು. ಮೇಲೆ ಒಂದು ಚೀಟಿ: "ತಮ್ಮನ ಮರಣದ ಪ್ರಯುಕ್ತ ಅಂಗಡಿಗೆ ರಜೆ." ಅಪ್ಪನ ಕಣ್ಣಿನ ಆಪರೇಷನ್ನಿಗೆ ಅರ್ಧ ದಿನ ಮುಚ್ಚದ ಅಂಗಡಿ ಅದು. ಚೀಟಿಯ ಎದುರು ನಿಂತು ಕಣ್ಣು ಒರೆಸಿಕೊಂಡ ಪ್ರಭುವನ್ನು ನೋಡಿ ಪಕ್ಕದ ಟೀ ಅಂಗಡಿಯವನು, "ನಿಮಗೂ ಭಾಳ ಬೇಕಾದೋರಾ?" ಎಂದು ಕೇಳಿದ.

"ಹೂಂ, ಭಾಳ ಹತ್ತಿರದೋನು."

"ಸುದ್ದಿ ತಂದ ಆ ಅಜ್ಜಂಗೆ ಟೀ ಕೊಟ್ರೂ ಮುಟ್ಲಿಲ್ಲ ಸಾರ್. ಶ್ರೀರಾಂಪುರದ ಬಸ್ಸು ಹತ್ತಿದ್ರು."

ಶ್ರೀರಾಂಪುರದ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಓಬಯ್ಯ ಕೆಲಸ ಮುಗಿಸಿದ ಗತ್ತಿನಲ್ಲಿ ಕೂತಿದ್ದ. ತುಟಿ ಒಣಗಿತ್ತು. ಪ್ರಭು ಓಡಿ ಹೋಗಿ ಕಾಲ ಬಳಿ ಕುಕ್ಕರಿಸಿದ. ಕಣ್ಣಲ್ಲಿ ನೀರು ಬಂದದ್ದನ್ನು ಅವನು ಮುಚ್ಚಿಡಲೂ ಹೋಗಲಿಲ್ಲ.

ಓಬಯ್ಯ ಅವನ ಹೆಗಲ ಮೇಲೆ ಕೈಯಿಟ್ಟ. "ನಿಮಗೂ ಗೊತ್ತಾಯ್ತೇನ್ರಿ ಮೇಷ್ಟ್ರೇ? ನಮ್ಮ ಪ್ರಭು ಹೋಗ್ಬಿಟ್ಟ. ನಾಕು ಗಂಟೆಗೆ ಮಣ್ಣು."

"ಹೆಂಗಿದ್ನಜ್ಜ ನಿನ್ನ ಮಗ?" ಎಂದು ಪ್ರಭು ಮೇಷ್ಟ್ರಾಗಿಯೇ ಕೇಳಿದ.

"ಬೈಯ್ತಿದ್ದ" ಅಂದ ಓಬಯ್ಯ. ಹೆಗಲ ಮೇಲಿನ ಟವಲ್ ಸರಿಮಾಡಿಕೊಂಡು, "ಆದ್ರೆ ಸ್ನಾನದ ನೀರು ಮೊದ್ಲು ತನ್ನ ಕೈ ಮೇಲೆ ಹಾಕ್ಕಂಡು ನೋಡ್ತಿದ್ದ. ಸುಡ್ತೈತೋ ಏನೋ ಅಂತ" ಅಂದ.

ಪರಮೇಶ್ವರಪ್ಪನವರು ಕೂಡ ಒಂದು ನಿಮಿಷ ಬುದ್ಧಿ ಹೇಳುವುದನ್ನು ಮರೆತರು. ಮಣ್ಣಾಗುವ ತನಕ ಅಪ್ಪ ನೀರು ಮುಟ್ಟುವುದಿಲ್ಲ ಎಂದು ಹಟ ಹಿಡಿದದ್ದರಿಂದ ಹಾಗೆಯೇ ಕಾರಿಗೆ ಹತ್ತಿಸಿ ದುರ್ಗಕ್ಕೆ ತಿರುಗಿಸಿದರು.

ಮನೆಯ ಬೀದಿಗೆ ಬರುವಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಶಾಮಿಯಾನ, ಕುರ್ಚಿ, ಟೆಂಪೋ ಮುಂದಿದ್ದ ಅದೇ ಹಾರ. ಪ್ರಭು ಅಪ್ಪನನ್ನು ಕಾರಿನಲ್ಲೇ ಪರಮೇಶ್ವರಪ್ಪನವರಿಗೆ ಒಪ್ಪಿಸಿ ಹಿತ್ತಲ ಕಡೆಯಿಂದ ನುಗ್ಗಿದ. ನೀರಿನ ಡ್ರಮ್ಮಿನ ಹತ್ತಿರ ಶಾಂತಿ ಅಡ್ಡ ಬಂದಳು.

"ಅಪ್ಪಯ್ಯ ಸಿಕ್ರಾ?"

"ಸಿಕ್ಕಿದ. ಇದೇನೇ ಇದು? ನೀನಾದ್ರೂ ನಾನು ಬದುಕೀನಿ ಅಂತ ಹೇಳಬಾರದಾ?"

"ಹೇಳ್ದೆ ಕಣ್ರಿ! ಅಪ್ಪಯ್ಯ ಸುಳ್ಳು ಸುದ್ದಿ ತಂದೋರೇ ಅಲ್ಲ, ಪಾಪ ಇವಳಿಗೆ ಆಘಾತ ಆಗೈತೆ ಅಂತ ಎಲ್ಲಾರೂ ತಬ್ಕಂಡು ಅತ್ರು. ತೋರಿಸ್ತೀನಿ ತಡೀರಿ ಅಂತ ನಿಮಗೆ ಫೋನ್ ಮಾಡಿದ್ರೆ ಅದು ಶೆಲ್ಫಿನ ಮೇಲೆ ಬಡ್ಕಂತು. ಆಮೇಲೆ ಬಾಡಿ ಆಸ್ಪತ್ರೆಯಿಂದ ಬರಬೇಕು ಅಂದೆ. ಥಟ್ ಅಂತ ನಂಬಿದ್ರು."

"ಸರಿ, ಈಗ ನಾನು ಹೋಗ್ತೀನಿ."

ಶಾಂತಿ ಅವನ ಎದೆಗೆ ಕೈಯಿಟ್ಟು ಡ್ರಮ್ಮಿನ ಹಿಂದಕ್ಕೆ ತಳ್ಳಿದಳು. "ಇನ್ನೊಂದು ಐದು ನಿಮಿಷ ಸತ್ತಿರ್ರಿ!"

"ಏನೇ?"

"ಅಲ್ಲಿ ಪಂಚಾಯ್ತಿ ನಡೀತೈತೆ. ಅಪ್ಪಯ್ಯನ್ನ ಯಾರು ನೋಡ್ಕಂಬೇಕು ಅಂತ. ಬಳಗದ ಹಿರೀಕ ಎತ್ತಪ್ಪ ಮಾವ ಜನದ ಮುಂದೆ ಕೇಳವ್ರೆ, ನಿಮ್ಮಣ್ಣ ಹೂಂ ಅಂದವ್ರೆ. ಎಂಟು ದಿನ ಅಲ್ರಿ, ಕಾಯಂ! ಇವತ್ತೇ ಕರ್ಕಂಡು ಹೋಗ್ತಾರಂತೆ. ಅವರು ಹೊಸದುರ್ಗ ಮುಟ್ಟಲಿ, ಆಮೇಲೆ ಬದುಕಿ ಬರ್ರಿ."

ಪ್ರಭು ಡ್ರಮ್ಮಿನ ಹಿಂದೆ ಕೂತ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಆಪರೇಷನ್ ವಾರ್ಡಿನ ಬಿಳಿ ಹಾಸಿಗೆ ಕಣ್ಣ ಮುಂದೆ ಬಂತು, ಅದರ ಮೇಲೆ ತಾನು, ಯಾರೂ ಕಾಫಿ ಕೇಳದ ಎಂಟು ಬೆಳಗು. ಗುಣವಾದ ಮೇಲೆ ತಾನೇ ಹೋಗಿ ಅಪ್ಪನನ್ನು ಕರೆತಂದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಗೋಡೆಯ ಸಂದಿಯಿಂದ ಅಣ್ಣನ ಧ್ವನಿ ಕೇಳುತ್ತಿತ್ತು. "ನನ್ನ ತಮ್ಮನ ಆಣೆಗೂ ಅಪ್ಪ ಇನ್ಮ್ಯಾಲೆ ನನ್ನ ಮನೆಯಾಗೆ ಇರ್ತಾನೆ. ನನಗೆ ಇದಕ್ಕಿಂತ ಪುಣ್ಯ ಬೇಕಾ?" ಜನ ಮೆಚ್ಚಿ ಲೊಚಗುಟ್ಟಿದರು.

ಅಷ್ಟರಲ್ಲಿ ಓಬಯ್ಯ ಶಾಮಿಯಾನದೊಳಗೆ ಬಂದ. ಪರಮೇಶ್ವರಪ್ಪನವರು ಇವತ್ತಿನ ಕತೆಯನ್ನು ಬೀದಿಯ ಯಾರಿಗೋ ಮೊದಲಿಂದ ಹೇಳಲು ಕಾರಿನಿಂದ ಇಳಿದಿದ್ದರು. ಎಲ್ಲರೂ ಎದ್ದು ನಿಂತರು. ಮಾರುತಿ ಅಪ್ಪನನ್ನು ತಬ್ಬಿಕೊಂಡು ಅತ್ತ.

"ಅಪ್ಪಾ, ಇನ್ಮ್ಯಾಲೆ ನೀನು ನನ್ನ ಜತೆ ಇರ್ತೀಯ ಕಣಪ್ಪ."

"ಯಾಕ್ರಿ? ನಾನು ನಮ್ಮ ಪ್ರಭು ಜತೆ ಇರೋನು" ಅಂದ ಓಬಯ್ಯ.

"ಪ್ರಭು ಇನ್ನೆಲ್ಲವ್ನೆ ಅಪ್ಪಾ?"

ಓಬಯ್ಯ ಸುತ್ತ ನೋಡಿದ. ಪಕ್ಕದ ಓಣಿಯಾಚೆ ನೀಲಿ ಡ್ರಮ್ಮು ಕಂಡಿತು, ಡ್ರಮ್ಮಿನ ಮೇಲೆ ಅರ್ಧ ತಲೆ ಕಂಡಿತು. ಹದಿನಾಲ್ಕು ತಿಂಗಳಿಂದ ಮುಖಕ್ಕೆ ಮುಖ ಕೊಟ್ಟು ಕೂತರೂ ಹತ್ತದ ಗುರುತು ಆ ಅರ್ಧ ತಲೆಗೆ ಹತ್ತಿಬಿಟ್ಟಿತು.

"ಅಲ್ಲಿ ಅಡಗಿ ಕುಂತವ್ನೆ ನೋಡ್ರಿ! ಲೇ ಪ್ರಭು! ಬಾರೋ ಮಗನೇ ಈಚೆ!"

ಪ್ರಭು ಎದ್ದು ಬಂದ. ಆ ಕರೆಗೆ ಬರದೆ ಇರುವುದು ಅವನ ಕೈಯಲ್ಲಿ ಆಗುತ್ತಿರಲಿಲ್ಲ. ಏಕಾಂತಮ್ಮ ಹಾರದ ಮೇಲೆಯೇ ಕುಸಿದಳು. ಫೋನಿನಲ್ಲಿ ಸುದ್ದಿ ಕೇಳಿ ಹಿರಿಯೂರಿನಿಂದ ಓಡಿಬಂದಿದ್ದ ಸುಪ್ರಿಯಾ ಕಿರುಚಿದಳು. ಭೂತವಲ್ಲ ಎಂದು ಖಾತ್ರಿಯಾದ ಮೇಲೆ ಒಬ್ಬೊಬ್ಬರಿಗೇ ಸಿಟ್ಟು ಬಂತು. "ಬದುಕಿದ್ದೀಯೇನೋ ಪಾಪಿ! ಅಷ್ಟು ದೂರದಿಂದ ಎದೆ ಬಡ್ಕಂಡು ಬಂದ್ವಲ್ಲೋ!" ಎಂದು ಅತ್ತೆ ಬೆನ್ನಿಗೆ ಗುದ್ದಿದಳು. ಇಷ್ಟು ಜನಕ್ಕೆ ನಿರಾಸೆ ಮಾಡಿದ್ದಕ್ಕೆ ಪ್ರಭು ಕೈಮುಗಿದು ಕ್ಷಮೆ ಕೇಳಬೇಕಾಯಿತು.

ಎತ್ತಪ್ಪ ಗಂಟಲು ಸರಿಮಾಡಿಕೊಂಡು, "ಆದ್ರೂ ಮಾರುತಿ, ಜನದ ಮುಂದೆ ಆಡಿದ ಮಾತು..." ಎಂದು ಮಾತು ತೆಗೆದ.

ಮಾರುತಿ ಕಣ್ಣು ಒರೆಸಿಕೊಂಡು ಬಹಳ ಮೃದುವಾಗಿ ಹೇಳಿದ. "ನಾನು ಒಲ್ಲೆ ಅಂದ್ನಾ? ಆದ್ರೆ ಪ್ರಭು, ಅಪ್ಪನಿಗೆ ಮರೆವಿನ ಕಾಯಿಲೆ ಐತೆ ಕಣೋ, ನಿನಗೆ ಗೊತ್ತಾಗ್ತಿಲ್ಲ. ಬೆಳಿಗ್ಗೆ ನನ್ನ ಅಂಗಡಿಗೆ ಬಂದು ನನ್ನನ್ನೇ ಸಾವ್ಕಾರ್ರೇ ಅಂದ. ಇಷ್ಟು ಜನದಾಗೆ ಯಾರ ಗುರುತೂ ಹತ್ತಲಿಲ್ಲ, ಡ್ರಮ್ಮಿನ ಹಿಂದಿದ್ದ ನಿನ್ನ ಗುರುತು ಹತ್ತಿತು. ನಿನ್ನ ಬಿಟ್ರೆ ಅವನಿಗೆ ಜಗತ್ತಿನಾಗೆ ಯಾರೂ ಇಲ್ಲ. ಅಂಥೋನ್ನ ಎಂಟು ದಿನ ಅಲ್ಲ, ಒಂದು ದಿನ ನಿನ್ನಿಂದ ಕಿತ್ಕಂಡು ಹೋದ್ರೂ ದೇವ್ರು ನನ್ನ ಕ್ಷಮಿಸ್ತಾನಾ?"

ಇದಕ್ಕೂ ಜನ ಮೆಚ್ಚಿ ಲೊಚಗುಟ್ಟಿದರು. ಸುಪ್ರಿಯಾಳಂತೂ ಎಂಥ ಅಣ್ಣ ಎಂದು ಬಿಕ್ಕಿದಳು. ಸಾವಿನ ಮನೆಯಲ್ಲದ ಮೇಲೆ ಒಲೆ ಹಚ್ಚಲು ಅಡ್ಡಿಯಿಲ್ಲ ಎಂದು ಯಾರೋ ನೆನಪಿಸಿದರು. ಶಾಂತಿ ಐವತ್ತು ಜನಕ್ಕೆ ಮುದ್ದೆ ತಿರುವಿದಳು. ಎಲ್ಲರೂ ಉಂಡು, ಪ್ರಭುವಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಅಪ್ಪನ್ನ ಚೆನ್ನಾಗಿ ನೋಡ್ಕಳಪ್ಪ" ಎಂದು ಹೇಳಿ ಟೆಂಪೋ ಹತ್ತಿದರು.

ಪ್ರಭು ಅಪ್ಪನ ಎದುರು ತಟ್ಟೆ ಇಟ್ಟುಕೊಂಡು ಕೂತ. ಓಬಯ್ಯ ಅವನ ಕೆನ್ನೆ ಮುಟ್ಟಿ, "ಪ್ರಭು, ಬೆಳಿಗ್ಗೆಯಿಂದ ನೀನೂ ಏನೂ ತಿಂದಿಲ್ಲ ಅಲ್ವೇನೋ?" ಅಂದ. ಪ್ರಭುವಿಗೆ ಸಂತೋಷವಾಯಿತು. ಇಂಥ ದಿನ ತನಗೆ ಸಂತೋಷವಾಗುತ್ತಿದೆಯಲ್ಲ ಎಂದು ಅದಕ್ಕೂ ಹೆಚ್ಚು ಸಿಟ್ಟು ಬಂತು. ಆಪರೇಷನ್ನನ್ನು ನಾಲ್ಕನೇ ಸಲ ಮುಂದೆ ಹಾಕಲು ನಾಳೆ ಡಾಕ್ಟರಿಗೆ ಏನು ಹೇಳುವುದೆಂದು ಯೋಚಿಸುತ್ತಾ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಿಸಿಯಿದೆಯೋ ಏನೋ ಎಂದು ಊದಿ ಅಪ್ಪನ ಬಾಯಿಗಿಟ್ಟ.