ಕರಿಬೇವಿನ ಕಂಬಳಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಇಪ್ಪತ್ತಾರು ವರ್ಷಗಳಿಂದ ಬೀದರಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ, ಆದರೆ ನನ್ನ ಕೈಯಲ್ಲಿ ಇವತ್ತಿನವರೆಗೆ ಒಂದು ಗಿಡವೂ ಪಾಸಾಗಿಲ್ಲ. ಹುಡುಗರು ಪಾಸಾಗುತ್ತಾರೆ, ಅವರಿಗೆ ಗೈಡುಗಳಿವೆ. ಊರಂಚಿನ ಚಿದ್ರಿಯ ನಮ್ಮ ಮನೆಯಂಗಳದಲ್ಲಿ ಹಸಿರಾಗಿ ನಿಂತಿರುವುದೆಲ್ಲ ನನ್ನ ಹೆಂಡತಿ ಸುರೇಖಾಳ ಕೈಗುಣ. ಆಕೆ ಔರಾದ ಕಡೆಯ ಡಾಬಕಾದವಳು, ಕುರಿ ಸಾಕುವವರ ಮನೆಯ ಮಗಳು. ದ್ಯುತಿಸಂಶ್ಲೇಷಣೆ ಅಂದರೆ ಏನೆಂದು ಆಕೆಗೆ ಗೊತ್ತಿಲ್ಲ. ಗಿಡಗಳಿಗೂ ಗೊತ್ತಿಲ್ಲವಾದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿದೆ.

ಆ ಅಂಗಳದ ಯಜಮಾನ ನಾನಲ್ಲ, ಕರಿಬೇವು. ನಾವು ಮನೆ ಕಟ್ಟಿದ ವರ್ಷ ಅತ್ತೆಯವರು ಡಾಬಕಾದಿಂದ ಸಸಿ ತಂದು ತಮ್ಮ ಕೈಯಾರೆ ಹಚ್ಚಿದ್ದು. ಎದೆಮಟ್ಟ ದಾಟದಿದ್ದರೂ ಓಣಿಯ ಒಗ್ಗರಣೆಗಳೆಲ್ಲ ಅದರ ಮೇಲೆ ನಿಂತಿದ್ದವು. 'ಜರಾ ಕರಿಬೇವು ಕೊಡ್ರಿ' ಎಂದು ಬಂದ ಹೆಣ್ಣುಮಕ್ಕಳು ಅರ್ಧ ತಾಸು ಕೂತು ಮಾತಾಡಿಯೇ ಹೋಗುತ್ತಿದ್ದುದರಿಂದ ಸುರೇಖಾಳ ಗೆಳೆತನಗಳೂ ಅದರ ಮೇಲೆಯೇ ನಿಂತಿದ್ದವು. ನನ್ನನ್ನು ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ.

ಈ ಸಲ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಆಕೆ ಹತ್ತು ದಿನ ಮೊದಲೇ ತವರಿಗೆ ಹೊರಟಳು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಎಲ್ಲರೂ ಕೂಡಿ ಕಾಳು-ಸೊಪ್ಪಿನ ಭಜ್ಜಿ, ಅಂಬಲಿ ಉಣ್ಣದಿದ್ದರೆ ನಮ್ಮ ಕಡೆಯವರಿಗೆ ವರ್ಷವೇ ತುಂಬುವುದಿಲ್ಲ. ನನಗೆ ಮಾತ್ರ ಪರೀಕ್ಷೆಯ ಕೆಲಸವಿತ್ತು. ಹೊರಡುವಾಗ ತವರಿನ ಕರಿ ಕಂಬಳಿಯೊಂದನ್ನು ನನ್ನ ಕೈಗಿಟ್ಟು, "ಥಂಡಿ ಭಾಳ ಅದರಿ. ದಿನಾ ಸಂಜಿಕ ಕರಿಬೇವಿಗಿ ಇದನ್ನ ಹೊಚ್ಚರಿ, ಮುಂಜಾನಿ ಬಿಸಲ ಬಂದ ಮ್ಯಾಲ ತೆಗೀರಿ. ಇಷ್ಟೇ ಕೆಲಸ" ಎಂದಳು.

ಕುರಿಮರಿಯ ಉಪಚಾರವನ್ನು ಗಿಡಕ್ಕೂ ಮಾಡುವ ಈ ಜನರನ್ನು ಕಂಡು ನನ್ನೊಳಗಿನ ವಿಜ್ಞಾನಿಗೆ ನಗು ಬಂತು. "ಇವತ್ತ ಕಂಬಳಿ, ನಾಳಿ ಟೋಪಿ, ನಾಡದು ಕಾಲಚೀಲಾನೂ ಹಾಕೂಣು ಬಿಡು" ಎಂದೆ. ಆಕೆ ನಗಲಿಲ್ಲ.

ಥಂಡಿ ನಿಜಕ್ಕೂ ಹೇಳಿ ಕಳಿಸಿದಂತೆ ಬಂತು. ನಾನು ಭಾಲ್ಕಿಯಲ್ಲಿ ಹುಟ್ಟಿ ಬೆಳೆದವನು, ಚಳಿ ಹೊಸದಲ್ಲ, ಆದರೂ ಹಲ್ಲು ತಾಳ ಹಾಕತೊಡಗಿದವು. ಕಂಬಳಿಯನ್ನು ಅದಕ್ಕೆ ಹೆಚ್ಚು ಅರ್ಹವಾದ ಜೀವಿಗೆ, ಅಂದರೆ ನನಗೆ, ಹೊದಿಸಿದೆ. ಐದನೆಯ ದಿನ ಕರಿಬೇವಿನ ಎಲೆ ಹಳದಿಯಾಯಿತು. ಎಂಟನೆಯ ದಿನ ಅಂಗಳದಲ್ಲಿ ಬರೀ ಕಡ್ಡಿಗಳು ನಿಂತಿದ್ದವು. ಸುರೇಖಾ ಫೋನಿನಲ್ಲಿ "ಕರಿಬೇವು ಹ್ಯಾಂಗದರಿ?" ಎಂದು ಕೇಳಿದಾಗ "ಛಲೋ ಅದ" ಎಂದೆ. ಆಮೇಲೆ ಕನ್ನಡಕ ಏರಿಸಿ, ಗಿಡಕ್ಕೆ ಒಂದು ಸುತ್ತು ಹಾಕಿ, ಅದು ಸತ್ತಿದೆ ಎಂದು ತೀರ್ಮಾನಿಸಿದೆ. ಬೋಳು ಗಿಡ ಕಣ್ಣಿಗೆ ಬಿದ್ದರೆ ಆಕೆ ಬೈಯುತ್ತಾಳೆ, ಗಿಡವೇ ಇಲ್ಲದಿದ್ದರೆ ಏನಾದರೂ ಕಥೆ ಕಟ್ಟಬಹುದು ಎಂಬುದು ನನ್ನ ತರ್ಕ. ಕಿತ್ತರೆ ಬರಲಿಲ್ಲ. ಗೇಣು ಬಿಟ್ಟು ಕಡಿದೆ. ಕಟ್ಟಿಗೆಯನ್ನು ಸ್ನಾನದ ನೀರಿನ ಒಲೆಗೆ ಹಾಕಿದೆ. ನೀರಿಗೆ ಒಗ್ಗರಣೆಯ ಘಮ ಬರಲಿಲ್ಲ, ಆದರೆ ಚೆನ್ನಾಗಿ ಕಾದಿತ್ತು.

ಹಬ್ಬ ಮುಗಿಸಿ ಸುರೇಖಾ ಬಂದಳು, ಜೊತೆಗೆ ಅತ್ತೆಯವರೂ ಬಂದರು. ನಾನು ಕಂಬಳಿ ಹೊದ್ದುಕೊಂಡೇ ಬಾಗಿಲು ತೆಗೆದೆ, ಅಪರಾಧಿಗಳಿಗೆ ಬುದ್ಧಿ ಕೈಕೊಡುವುದು ಇಂಥ ಹೊತ್ತಿನಲ್ಲೇ. ಸುರೇಖಾ ಅಂಗಳ ನೋಡಿದಳು, ಕಂಬಳಿ ನೋಡಿದಳು. ಬೈಯಲಿಲ್ಲ. ಮೋಟಿನ ಪಕ್ಕದಲ್ಲಿ ಕೂತು, "ಅವ್ವ ಹಚ್ಚಿದ್ದರಿ ಇದು" ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಟ್ಟಿಟ್ಟುಕೊಂಡಿದ್ದ ಕಥೆಯನ್ನು ಕೈಬಿಟ್ಟೆ. ನನಗೆ ನಾಚಿಕೆಯಾಯಿತು, ನಿಜವಾಗಿ ಆಯಿತು.

ಅತ್ತೆಯವರು ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳ ಉಗುರಿನಿಂದ ಮೋಟಿನ ತೊಗಟೆ ಕೆರೆದರು. ಒಳಗೆ ಹಸಿರು. "ಜೀವ ಅದ" ಎಂದರು. ಇಪ್ಪತ್ತಾರು ವರ್ಷದ ವಿದ್ಯೆಗೆ ಒಂದು ಉಗುರು ಸಾಕಾಗಿತ್ತು.

"ಎಲಿ ಎಲ್ಲಾ ಉದರಿದ್ವು ಅತ್ತಿ. ಸತ್ತದ ಅಂತ ತಿಳದೆ" ಎಂದೆ.

ಅವರು ತಲೆಯೆತ್ತಿ ನನ್ನ ಬೋಳು ನೆತ್ತಿಯನ್ನು ನಿಧಾನವಾಗಿ ನೋಡಿದರು. "ನಿಮ್ಮ ತಲಿ ಮ್ಯಾಲಿಂದು ಉದರಿ ಎಷ್ಟ ವರ್ಷ ಆತರಿ ಮಾಸ್ತರ? ನಾವು ನಿಮ್ಮನ್ನ ಒಲಿಗಿ ಹಾಕೇವೇನ್ರಿ?"

ಸುರೇಖಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅತ್ತೆಯವರು ನನ್ನ ಹೆಗಲಿನಿಂದ ಕಂಬಳಿ ತೆಗೆದು ಮೋಟಿಗೆ ಹೊದಿಸಿದರು. ಅವತ್ತು ಸಂಜೆ ನಡುಗುತ್ತಾ ನನ್ನ ಹಳೆಯ ನೋಟ್ಸು ತೆಗೆದು ನೋಡಿದೆ. 'ಎಲೆ ಉದುರುವುದು ಸಾವಲ್ಲ, ಕಷ್ಟಕಾಲದಲ್ಲಿ ಜೀವ ಉಳಿಸಿಕೊಳ್ಳುವ ಉಪಾಯ' ಎಂದು ನನ್ನದೇ ಅಕ್ಷರದಲ್ಲಿತ್ತು, ಕೆಳಗೆ ಕೆಂಪು ಶಾಯಿಯ ಎರಡು ಗೆರೆ. ಪ್ರತಿ ವರ್ಷ ಹುಡುಗರಿಗೆ ಬರೆಸಿದ್ದೇನೆ. ಪರೀಕ್ಷೆಗೆ ಬಂದೇ ಬರುತ್ತದೆ ಎಂದೂ ಹೇಳಿದ್ದೇನೆ.

ಶಿವರಾತ್ರಿಯ ಹೊತ್ತಿಗೆ ಮೋಟಿನಲ್ಲಿ ನಾಲ್ಕು ಚಿಗುರು ಒಡೆದವು. ಮೊನ್ನೆ ಅತ್ತೆಯವರು ಫೋನು ಮಾಡಿ, "ಎಲ್ಲಾರೂ ಹ್ಯಾಂಗದೀರಿ?" ಎಂದು ಕೇಳಿದರು. ಸುರೇಖಾ ನನ್ನ ಕಡೆ ಒಮ್ಮೆ ನೋಡಿ ಹೇಳಿದಳು:

"ಕರಿಬೇವು ಚಿಗತದ ಅವ್ವ. ಇವರು ಇನ್ನಾ ಹಂಗೇ ಅದಾರ."