ಐದು ಸ್ವರ, ಒಂದು ಬೀಸುಕಲ್ಲು

ದರ್ಜಿಯಾದವನು ಸಿತಾರ್ ಹಿಡಿದರೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ನಿಜಾಮರ ಕಾಲದಲ್ಲಿ ಮಸ್ಕಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ನನಗೆ ಆದ ಫಜೀತಿಗಳೆಲ್ಲ ಐದೇ ಸ್ವರಗಳಿಂದ ಆದವು.

೧. ಹರಿದ ಕಿಸೆ

ಲಿಂಗಸುಗೂರಿನ ಒಬ್ಬ ಉಸ್ತಾದರ ಹತ್ತಿರ ಕಲಿಯುತ್ತಿದ್ದೆ. ಬೆರಳು ಚುರುಕು, ಅದೇ ನನ್ನ ಜಂಬ. ಒಂದು ದಿನ ಅರ್ಧ ತಾಸು ಬಿಡದೆ ಬಾರಿಸಿ, ಬೆವರೊರೆಸಿಕೊಂಡು ಅವರ ಮುಖ ನೋಡಿದೆ. ಅವರು ನನ್ನ ಸಿತಾರಿನಲ್ಲಿ ಮ, ನಿ ಸ್ವರಗಳಿಗೆ ಬೆರಳೂರುವ ಹಿತ್ತಾಳೆ ಕಡ್ಡಿಗಳ ದಾರ ಬಿಚ್ಚಿ, ಕಡ್ಡಿಗಳನ್ನು ಶೇರ್ವಾನಿಯ ಕಿಸೆಗೆ ಹಾಕಿಕೊಂಡರು.

"ಉಸ್ತಾದ್‌ಜಿ, ಇನ್ನ ಐದೇ ಸ್ವರ ಉಳದಾವಲ್ರಿ!"

"ಐದರಾಗ ಭೂಪ್ ರಾಗ ನುಡಿಸು. ಮುಂದಿನ ತಿಂಗಳ ಸಿಂಧನೂರಿನಾಗ ಒಂದು ಮದುವಿ ಕಛೇರಿ ಐತಿ. ಅಲ್ಲಿ ಜನ ಕುಂತು ಕೇಳಿದ್ರ ನೀ ನನ್ನ ಶಾಗಿರ್ದ, ನನ್ನ ಶಿಷ್ಯ. ಎದ್ದು ಹೋದ್ರ ಸಿತಾರ್ ಇಲ್ಲೇ ಬಿಟ್ಟು ಅಂಗಿ ಹೊಲಿಯಾಕ ಹೋಗು."

ಅಷ್ಟರಲ್ಲಿ ಕಡ್ಡಿಗಳು ಕಿಸೆಯ ತೂತಿನಿಂದ ಠಣ್ಣನೆ ನೆಲಕ್ಕೆ ಬಿದ್ದವು. "ಹೋಗೂಕಿಂತ ಮೊದಲ ಈ ಕಿಸೆ ಹೊಲಿ" ಎಂದರು.

೨. ಖಾಲಿ ಕೊಡ

ಮನೆಯಲ್ಲಿ ಐದು ಸ್ವರಗಳನ್ನು ಹತ್ತಿಸಿದೆ, ಇಳಿಸಿದೆ, ಮತ್ತೆ ಹತ್ತಿಸಿದೆ. ನಮ್ಮೊಂದಿಗಿದ್ದ ಅತ್ತೆ ಹಳೇ ಕಾಲದವರು, ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗಿದ್ದರೂ ಮಗಳಿಗೆ ಹೇಳಿದರು: "ನಿನ ಗಂಡ ಮುಂಜಾನಿಂದ ಬಾವಿಯಾಗ ನೀರು ಸೇದಾಕತ್ತಾರ. ಕೊಡದಾಗ ಒಂದು ಹನಿ ಬಂದಿಲ್ಲ."

ಉಸ್ತಾದರು ನಗುತ್ತಾರೆಂದು ಅವರಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ.

"ನಿಮ್ಮ ಅತ್ತಿಯವರು ಹಾಡ್ತಾರೇನು?"

"ಜೋಳ ಬೀಸೂವಾಗ ಹಾಡ್ತಾರ್ರಿ."

"ಹಂಗಾದ್ರ ಅಷ್ಟು ದೂರದಿಂದ ನನ್ನ ಹತ್ರ ಯಾಕ ಬರ್ತಿ?"

೩. ಒಂದು ಹಿಡಿ ಜೋಳ

ಮರುದಿನ ನಸುಕಿನಲ್ಲಿ ಗೋಡೆಯ ಈಚೆ ಕೂತು ಕೇಳಿದೆ. ಮೈ ಜುಮ್ಮೆಂದಿತು. ಅತ್ತೆಯ ಹಾಡಿನಲ್ಲೂ ಅವೇ ಐದು ಸ್ವರ! ಆದರೆ ಅವರು ಹತ್ತಿ ಇಳಿಯುತ್ತಿರಲಿಲ್ಲ. ಒಂದು ಸ್ವರದ ಮೇಲೆ ಕೂತು, ಪಕ್ಕದ ಸ್ವರವನ್ನು ಮಾತಾಡಿಸಿ, ನಿಧಾನಕ್ಕೆ 'ಸ' ಎಂಬ ಮನೆಗೆ ಬರುತ್ತಿದ್ದರು. ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕುವಾಗ ಹಾಡು ನಿಲ್ಲುತ್ತಿತ್ತು. ಆಗಲೂ ಹಿಂದಿನ ಸಾಲು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಕಿವಿಗೊಟ್ಟು ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ದಿನಾ ಅವರ ಹಾಡಿನ ಜೊತೆ ಸಿತಾರ್ ನುಡಿಸತೊಡಗಿದೆ. ಅವರು ನಿಂತಲ್ಲಿ ನಾನೂ ನಿಲ್ಲುತ್ತಿದ್ದೆ. ಒಂದು ದಿನ ಅತ್ತೆ ಮಗಳನ್ನು ಕೂಗಿದರು: "ನಿನ ಗಂಡಗ ಸಾಕು ಅನ್ನು. ಅವರ ಗುಂಗಿನಾಗ ವಾರದ ಜೋಳ ಇವತ್ತೇ ಬೀಸೀನಿ!"

೪. ಸಿಂಧನೂರಿನ ಮದುವೆ

ಮುಂದೆ ತಹಸೀಲ್ದಾರರು, ಪಕ್ಕದಲ್ಲಿ ಉಸ್ತಾದರು. ಹೆಂಗಸರೆಲ್ಲ ಪರದೆಯ ಹಿಂದೆ. ಮದುವೆಯ ಬೀಸುವ ಶಾಸ್ತ್ರಕ್ಕೆ ಹಾಡಲು ಬಂದಿದ್ದ ಅತ್ತೆಯೂ ಅಲ್ಲೇ ಇದ್ದರು.

ಒಂದು ಸಾಲು ನುಡಿಸಿ, ಅತ್ತೆಯಂತೆ ನಿಲ್ಲಿಸಿದೆ. ಯಾರೂ ಏಳಲಿಲ್ಲ. ಎರಡನೆಯ ಸಾಲು ನುಡಿಸಿ ಇನ್ನೂ ಹೆಚ್ಚು ಹೊತ್ತು ನಿಲ್ಲಿಸಿದೆ. ಆಗ ಪರದೆಯ ಹಿಂದಿನಿಂದ ಮುಂದಿನ ಸಾಲು ಎದ್ದು ಬಂತು. ಅತ್ತೆಯ ದನಿ! ಬೀಸುಕಲ್ಲಿನ ಗುರುಗುರು ಇಲ್ಲದೆ ಅದನ್ನು ಕೇಳಿದ್ದು ಅದೇ ಮೊದಲು. ಚಪ್ಪರದ ಜನವೆಲ್ಲ ಪರದೆಯತ್ತ ತಿರುಗಿದರು. ನನ್ನ ಕೈ ತಂತಿಯ ಮೇಲೆ ಹಾಗೇ ಉಳಿಯಿತು, ಕಣ್ಣು ತುಂಬಿ ಬಂತು.

"ವಾಹ್! ಉಸ್ತಾದ್, ಇವರೂ ನಿಮ್ಮ ಶಾಗಿರ್ದರೇನು?" ಎಂದರು ತಹಸೀಲ್ದಾರರು.

ಉಸ್ತಾದರು ಎದ್ದು ಪರದೆಯ ಕಡೆಗೆ ಸಲಾಮು ಮಾಡಿದರು. "ಇಲ್ಲ ಹುಜೂರ್. ಇವ ನನ್ನ ಶಾಗಿರ್ದ, ನಾ ಅವರ ಶಾಗಿರ್ದ."

ಇಡೀ ಸಭೆ ಪರದೆಯತ್ತ ಕೈಮುಗಿಯಿತು. ಒಳಗಿನಿಂದ ಅತ್ತೆ ಸಿಡುಕಿದರು:

"ಅಳಿಯಾರ, ಬಾಯಿ ತಕ್ಕೊಂಡು ಏನ್ ನೋಡ್ತೀರಿ? ಬಾರಸ್ರಿ! ಒಬ್ಬಾಕಿನ ಹಾಡಿ ಹಾಡಿ ನನಗ ಉಸಿರು ಹತ್ತಾಕತ್ತೈತಿ!"